ಮಾತಿಗೆ ಮುಂಚೆ ಒಂದು ಉಸಿರು

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಈ ಗಾದೆ ನಮಗೆಲ್ಲ ಗೊತ್ತು. ಒಲೆಗೆ ತೂತು ಬಿದ್ದರೆ ನಾವೇನು ಮಾಡುತ್ತೇವೆ? ಒಲೆಯನ್ನೇ ಒಡೆದು ಹಾಕುವುದಿಲ್ಲ. ಮಣ್ಣು ಕಲಸಿ ಮೆತ್ತುತ್ತೇವೆ. ಮಾತಿನಿಂದ ಬಿದ್ದ ತೂತನ್ನೂ ಮೆತ್ತಲು ಬರುತ್ತದೆ. ಹೇಗೆ? ಈ ಪಾಠದಲ್ಲಿ ನೋಡೋಣ.

ಸಂಘದಲ್ಲಿ ಜಗಳ

ಮಂಗಸೂಳಿ ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಊರು. ಇದು ಗಡಿಭಾಗ. ಇಲ್ಲಿಯ ಖಂಡೋಬನ ಗುಡಿಗೆ ಕರ್ನಾಟಕದವರೂ ಬರುತ್ತಾರೆ, ಮಹಾರಾಷ್ಟ್ರದವರೂ ಬರುತ್ತಾರೆ. ಓಣಿಯಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ಈ ಭಾಗದಲ್ಲಿ ಕಬ್ಬು ಬಹಳ. ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಇದೆ.

ಕರ್ನಾಟಕ ಸರಕಾರ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರು ಮಾಡಿತು. ಹಳ್ಳಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಉಳಿತಾಯ ಸಂಘಗಳು ಎದ್ದವು. ಅಂಥ ಒಂದು ಸಂಘ ಇಲ್ಲಿದೆ ಎಂದು ತಿಳಿಯೋಣ. ಸಂಘದಲ್ಲಿ 15 ಜನ. ಒಬ್ಬೊಬ್ಬರು ವಾರಕ್ಕೆ 20 ರೂಪಾಯಿ ಉಳಿಸುತ್ತಾರೆ. ವಾರಕ್ಕೆ 300 ರೂಪಾಯಿ ಆಯಿತು. ವರ್ಷಕ್ಕೆ 52 ವಾರ. ಲೆಕ್ಕ ಹಾಕೋಣ: 15,600 ರೂಪಾಯಿ.

ಸಂಘದ ಒಬ್ಬ ತಂಗಿ ಸಾಲ ತೆಗೆದುಕೊಂಡಿದ್ದಾಳೆ. ಎರಡು ವಾರದಿಂದ ಕಂತು ಕಟ್ಟಿಲ್ಲ. ಸಭೆಯಲ್ಲಿ ಹಿರಿಯಾಕೆ ಎಲ್ಲರ ಮುಂದೆ ಸಿಟ್ಟಿಗೆದ್ದಳು.

"ನೀ ಯಾವಾಗಲೂ ಹಿಂಗ. ಸಂಘದ ರೊಕ್ಕ ನುಂಗಾಕ ಬಂದಿ ಏನ?"

ತಂಗಿಯ ಮುಖ ಕೆಂಪಾಯಿತು. ದಿನಾ "ಅಕ್ಕಾರ, ನೀವು" ಅನ್ನುತ್ತಿದ್ದ ಬಾಯಿಂದ ಅವತ್ತು "ನೀ" ಬಂತು.

"ನೀ ಭಾಳ ಶಾಣ್ಯಾಕಿ! ನಿನ್ನ ಮನಿ ಸುದ್ದಿ ಊರಿಗೆಲ್ಲ ಗೊತ್ತೈತಿ!"

ಮರುವಾರ ತಂಗಿ ಸಭೆಗೆ ಬರಲಿಲ್ಲ. ಅವಳ ಕಡೆಯ ನಾಲ್ವರೂ ಬರಲಿಲ್ಲ. ಈಗ ಉಳಿದವರು 10 ಜನ. ವಾರದ ಉಳಿತಾಯ 200 ರೂಪಾಯಿಗೆ ಇಳಿಯಿತು. ಎರಡು ಕಂತಿಗಾಗಿ ಹುಟ್ಟಿದ ಮಾತು ಸಂಘದ ಬುಡಕ್ಕೇ ಬಂತು.

ತಪ್ಪು ಯಾರದು? ಕಂತು ಕೇಳುವುದು ತಪ್ಪಲ್ಲ. ಅದು ಎಲ್ಲರ ಬೆವರಿನ ರೊಕ್ಕ. ಕೇಳಲೇಬೇಕು. ಆದರೆ ತಂಗಿ ಕಬ್ಬು ಕಡಿದ ಕೂಲಿ ಇನ್ನೂ ಬಂದಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ನಾಚಿಕೆಯಿಂದ ಅವಳೂ ಹೇಳಲಿಲ್ಲ.

ನಾಲ್ಕು ಹೆಜ್ಜೆಗಳು

ಒಂದು: ಉಸಿರು ತೆಗೆದುಕೊಳ್ಳೋಣ.
ಸಿಟ್ಟು ಬಂದಾಗ ಎದೆ ಡವಡವ ಹೊಡೆಯುತ್ತದೆ. ಕೈ ನಡುಗುತ್ತದೆ. ದನಿ ಏರುತ್ತದೆ. ಆ ಹೊತ್ತಿಗೆ ಬಾಯಿಗೆ ಬರುವ ಮಾತು ನಮ್ಮ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ನಿಧಾನವಾಗಿ ಉಸಿರು ಎಳೆದುಕೊಂಡು ನಿಧಾನವಾಗಿ ಬಿಡೋಣ. ಮೂರು ಸಲ ಹೀಗೆ ಮಾಡೋಣ. ಒಂದು ತಂಬಿಗೆ ನೀರು ಕುಡಿಯೋಣ. ಆದರೂ ಸಿಟ್ಟು ಇಳಿಯದಿದ್ದರೆ "ಈ ಮಾತು ನಾಳೆ ಮಾತಾಡೂಣು" ಎಂದು ಹೇಳೋಣ. ನಾಳೆ ಮರೆಯದೆ ಮಾತಾಡೋಣ.

ಎರಡು: ಆದದ್ದನ್ನಷ್ಟೇ ಹೇಳೋಣ.
"ನೀ ಯಾವಾಗಲೂ ಹಿಂಗ" ಎಂಬುದು ಆಕೆಯ ಗುಣಕ್ಕೆ ಹೊಡೆದ ಮಾತು. "ಎರಡು ಕಂತು ಬಾಕಿ ಐತಿ" ಎಂಬುದು ಆದ ಸಂಗತಿ. ಮೊದಲನೆಯದಕ್ಕೆ ಜಗಳವೇ ಉತ್ತರ. ಎರಡನೆಯದಕ್ಕೆ ಲೆಕ್ಕ ಉತ್ತರ. ಹಳೆಯ ಜಗಳ, ಮನೆತನ, ತವರುಮನೆ ಇವನ್ನು ನಡುವೆ ತರಬಾರದು. ಸಾಧ್ಯವಿದ್ದರೆ ಹತ್ತು ಜನರ ಮುಂದೆ ಆಡದೆ ಬೇರೆ ಕರೆದು ಮಾತಾಡೋಣ.

ಮೂರು: ಕೇಳಿಸಿಕೊಳ್ಳೋಣ.
ಆಕೆ ಮಾತು ಮುಗಿಸುವ ತನಕ ನಡುವೆ ಬಾಯಿ ಹಾಕಬಾರದು. ಆಮೇಲೆ "ನೀ ಹಿಂಗ ಅಂದಿ, ಹೌದಲ್ಲ?" ಎಂದು ತಿರುಗಿ ಕೇಳೋಣ. ಗಡಿ ಊರಿನಲ್ಲಿ ಒಬ್ಬರದು ಕನ್ನಡ, ಇನ್ನೊಬ್ಬರದು ಮರಾಠಿ. ಮಾತು ಹೆಚ್ಚುಕಡಿಮೆ ಆಗುತ್ತದೆ. ತಿರುಗಿ ಕೇಳಿದರೆ ತಪ್ಪು ತಿಳಿವಳಿಕೆ ಅಲ್ಲೇ ನಿಲ್ಲುತ್ತದೆ.

ನಾಲ್ಕು: ಮುಂದೇನು ಎಂದು ಗೊತ್ತು ಮಾಡೋಣ.
ಸುಮ್ಮನೆ "ಆಗಲಿ ಬಿಡು" ಅಂದರೆ ಸಾಲದು. ಎಷ್ಟು, ಯಾವಾಗ ಎಂದು ಗೊತ್ತಾಗಬೇಕು. ಅದನ್ನು ಸಂಘದ ಪುಸ್ತಕದಲ್ಲಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ. ಬರೆದ ಮಾತಿಗೆ ನಾಳೆ ತಕರಾರು ಇರುವುದಿಲ್ಲ.

ಅದೇ ಮಾತು, ಇನ್ನೊಂದು ರೀತಿ

ಅದೇ ಅಕ್ಕ, ಅದೇ ತಂಗಿ. ಸಭೆಗೆ ಮುಂಚೆ ಕಟ್ಟೆಯ ಮೇಲೆ ಕುಳಿತಿದ್ದಾರೆ.

"ತಂಗಿ, ಎರಡು ಕಂತು ಬಾಕಿ ಉಳದಾವು. ಬ್ಯಾಂಕಿಗೆ ತುಂಬೂ ದಿನ ಹತ್ರ ಬಂತು. ನನಗ ಚಿಂತಿ ಹತ್ತೇತಿ. ಏನಾತವಾ?"

"ಅಕ್ಕಾರ, ಕಬ್ಬ ಕಡದ ಕೂಲಿ ಬಂದಿಲ್ರಿ. ನಿಮ್ಮ ಮುಂದ ಹೇಳಾಕ ನಾಚಿಕಿ ಆತು."

"ಮೊದಲ ಹೇಳಬೇಕಿಲ್ಲ? ಈ ವಾರ ಎಷ್ಟ ಆಕ್ಕೈತಿ?"

"ಅರ್ಧಾ ಕಂತು ಕಟ್ಟತೀನ್ರಿ. ಕೂಲಿ ಬಂದ ದಿನಾ ಉಳದದ್ದು ಕೊಡತೀನಿ."

"ಹಂಗಾದ್ರ ಸಭಾದಾಗ ನೀನ ಹೇಳು. ಎಲ್ಲಾರೂ ಒಪ್ಪಿದ್ರ ಬರಕೊಳ್ಳೂಣು."

ಇಲ್ಲಿ ಅಕ್ಕ ಕಂತು ಬಿಟ್ಟುಕೊಡಲಿಲ್ಲ. ತಂಗಿ ಮರ್ಯಾದೆ ಕಳೆದುಕೊಳ್ಳಲಿಲ್ಲ. ಸಂಘದಲ್ಲಿ 15 ಜನರೂ ಉಳಿದರು.

ಮನೆಯೊಳಗಿನ ಮಾತು

ಸೊಸೆಗೆ ಓದು ಕಲಿಯುವ ಆಸೆ. ಅತ್ತೆ ಬೇಡ ಅನ್ನುತ್ತಾಳೆ. "ನಿಮಗ ನನ್ನ ಕಂಡ್ರ ಆಗೂದಿಲ್ಲ" ಎಂದರೆ ಮಾತು ಅಲ್ಲಿಗೇ ಮುಗಿಯಿತು. ಸೊಸೆ ಹೀಗೆ ಕೇಳಿದಳು:

"ಅತ್ತಿ, ರೊಟ್ಟಿ ಬಡದ ಹೊಕ್ಕೀನ್ರಿ. ನಾ ಹೋದ್ರ ನಿಮಗೇನ ತ್ರಾಸ ಆಕ್ಕೈತಿ ಹೇಳ್ರಿ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ದಾರ್‍ಯಾಗ ಕತ್ತಲ ಇರತೈತಿ. ಒಬ್ಬಾಕಿನ ಹೆಂಗ ಕಳಸಲಿ?"

ಅತ್ತೆಗೆ ಇದ್ದದ್ದು ಹೆದರಿಕೆ. ಓದಿನ ಮೇಲೆ ಸಿಟ್ಟಿರಲಿಲ್ಲ. ಓಣಿಯ ಮೂವರು ಜೊತೆಯಾಗಿ, ಕೈಯಲ್ಲಿ ಬ್ಯಾಟರಿ ಹಿಡಿದು ಹೊರಟರು. ಕೇಳದೆ ಇದ್ದರೆ ಈ ದಾರಿ ಕಾಣುತ್ತಿರಲಿಲ್ಲ.

ತಾಳ್ಮೆಗೂ ಮಿತಿ ಉಂಟು

ಇಲ್ಲಿ ಒಂದು ಮಾತು ನೆನಪಿಡೋಣ. ಹೊಡೆತ ಬಡಿತ ಜಗಳವಲ್ಲ. ಅದು ಅಪರಾಧ. "ನಾನು ಮೆತ್ತಗೆ ಮಾತಾಡಿದ್ದರೆ ಹೊಡೆಯುತ್ತಿರಲಿಲ್ಲ" ಎಂದು ನಮ್ಮನ್ನೇ ನಾವು ಬೈದುಕೊಳ್ಳಬಾರದು. ಕೈ ಎತ್ತಿದವನದೇ ತಪ್ಪು.

ಮನೆಯೊಳಗಿನ ಹಿಂಸೆ ತಡೆಯಲು 2005ರಲ್ಲಿ ಕಾನೂನು ಬಂತು. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಹೊಡೆಯುವುದಷ್ಟೇ ಅಲ್ಲ, ಹೀನಾಯವಾಗಿ ಬೈಯುವುದು, ಖರ್ಚಿಗೆ ಕೊಡದೆ ಕಾಡುವುದು ಕೂಡ ಈ ಕಾನೂನಿನ ಪ್ರಕಾರ ಹಿಂಸೆಯೇ. ಕಷ್ಟದಲ್ಲಿರುವ ಹೆಣ್ಣುಮಕ್ಕಳು 181ಕ್ಕೆ ಫೋನ್ ಮಾಡಬಹುದು. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಮಾಡಬೇಕು.

1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ. ಆದಾಯ ಎಷ್ಟೇ ಇರಲಿ, ಈ ನೆರವು ಸಿಗುತ್ತದೆ. ಇದಕ್ಕೆ 15100 ನಂಬರಿಗೆ ಫೋನ್ ಮಾಡಬಹುದು. ಹೊಲದ ಬದು, ಸಾಲದ ಬಾಕಿ ಮುಂತಾದ ತಂಟೆಗಳಿಗೆ ಲೋಕ ಅದಾಲತ್ ಇದೆ. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ ಮಾತ್ರ ರಾಜಿ. ಆದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ. ಅಲ್ಲಿಯೂ ನಾವು ಓದದೆ ರುಜು ಹಾಕಬಾರದು.

ಮಾತಾಡೋಣ, ಬರೆಯೋಣ

1. ಈ ಸಾಲುಗಳನ್ನು ಬೇರೆ ರೀತಿ ಬರೆಯಿರಿ: "ನೀ ದಿನಾ ಪಾಳಿ ತಪ್ಪಿಸಿ ಕೊಡ ತುಂಬತಿ." "ನಿನಗ ಬುದ್ಧಿ ಇಲ್ಲ."
2. ಇಬ್ಬಿಬ್ಬರು ಕೂಡಿ ಅಕ್ಕ ತಂಗಿಯ ಮಾತನ್ನು ಆಡಿ ತೋರಿಸಿರಿ. ಆಮೇಲೆ ಅದಲು ಬದಲಾಗಿರಿ.
3. 181, 112, 15100: ಈ ಮೂರು ನಂಬರುಗಳನ್ನು ನಿಮ್ಮ ಕೈಯಿಂದ ಬರೆದು ಮನೆಯಲ್ಲಿ ಜೋಪಾನವಾಗಿ ಇಡಿರಿ.
4. ಯಾರ ಜೊತೆ ಮಾತು ಬಿಟ್ಟಿದ್ದೇವೆ? ಈ ವಾರ ಅವರಿಗೆ ಆಡುವ ಮೊದಲ ಮಾತು ಯಾವುದು? ಒಂದೇ ಸಾಲು ಬರೆಯೋಣ.