ಸಿಕ್ಕವರೆಲ್ಲ ಕಳ್ಳರಲ್ಲ, ಮಗೂ

ಮಲಾವಿಗೆ ಹೊರಟಿದ್ದೀಯ, ಸಂತೋಷ. ಆ ದೇಶ ಎಲ್ಲಿದೆ ಅಂತ ನಿನ್ನ ಅತ್ತೆಗೆ ಭೂಪಟ ಬಿಡಿಸಿ ತೋರಿಸಿದ್ದೂ ಆಯಿತು. ಇನ್ನು ಊರಿಗೆಲ್ಲ ಅವಳೇ ಹೇಳಿಕೊಂಡು ಬರುತ್ತಾಳೆ. ನಿನ್ನ ಬುದ್ಧಿಯ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ನಿನ್ನ ಆತುರದ ಮೇಲೆ. ಅನ್ನ ಬೇಯುವ ಮೊದಲೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದ ಕೂಸಲ್ಲವೇ ನೀನು?

ನೀನು ಕಳಿಸಿದ ಯೋಜನೆಯನ್ನು ಓದಿದೆ. ಬ್ಲಾಂಟೈರಿನ ಆಸ್ಪತ್ರೆಗೆ ಭೇದಿ ಅಂತ ಬರುವ ಪುಟ್ಟ ಮಕ್ಕಳ ಮಲ ತೆಗೆದುಕೊಂಡು, ರೋಟಾ, ನೊರೊ, ಅಡೆನೊ, ಆಸ್ಟ್ರೊ, ಸಾಪೊ ಐದೂ ವೈರಸ್‌ಗಳನ್ನು ಪಿಸಿಆರ್‌ನಲ್ಲಿ ಹಿಡಿದು, ಶೇಕಡಾ ಇಷ್ಟು ಅಂತ ಬರೆದುಬಿಡುತ್ತೀಯಂತೆ. ಬರೆ. ಆದರೆ ನಾನೂ ಒಂದು ಕಾಲಕ್ಕೆ ಆ ದೇಶದ ಮಕ್ಕಳ ವಾರ್ಡಿನಲ್ಲಿ ದುಡಿದವಳು. ನಿನ್ನ ಕಾಗದದಲ್ಲಿ ಒಂದು ಅಂಕಣವೇ ಇಲ್ಲ: ಭೇದಿ ಇಲ್ಲದ ಮಕ್ಕಳದು.

ನಗಬೇಡ. 2007ರಿಂದ 2011ರವರೆಗೆ ಆಫ್ರಿಕ ಮತ್ತು ಏಷ್ಯದ ಏಳು ಕಡೆ ದೊಡ್ಡ ಅಧ್ಯಯನ ನಡೆಯಿತು. ನಮ್ಮ ಕೋಲ್ಕತ್ತವೂ ಅದರಲ್ಲಿತ್ತು. ಜೋರಾದ ಭೇದಿಯ ಮಗುವೊಂದು ಬಂದರೆ, ಅದೇ ವಯಸ್ಸಿನ, ಅದೇ ಕೇರಿಯ, ಭೇದಿಯಿಲ್ಲದ ಮಗುವನ್ನೂ ಹುಡುಕಿ ಪರೀಕ್ಷೆ ಮಾಡಿದರು. ಕಾಯಿಲೆಯ ಮಕ್ಕಳಲ್ಲಿ ನೂರಕ್ಕೆ 83ರಲ್ಲಿ ಯಾವುದೋ ಒಂದು ರೋಗಾಣು ಸಿಕ್ಕಿತು. ಆಡಿಕೊಂಡಿದ್ದ ಮಕ್ಕಳಲ್ಲಿ? 72ರಲ್ಲಿ! ಜಾತ್ರೆಯಲ್ಲಿ ಸರ ಕಳುವಾಯಿತು ಅಂತ ಅಲ್ಲಿದ್ದವರನ್ನೆಲ್ಲ ಠಾಣೆಗೆ ಎಳೆದುಕೊಂಡು ಹೋದರೆ ಆಗುತ್ತದೆಯೇ? ನೀರು, ಕೈ, ಅಂಗಳ ಎಲ್ಲವೂ ಮಲದ ಸೋಂಕಿಗೆ ಸಿಕ್ಕುವ ಕೇರಿಗಳಲ್ಲಿ ಬಹುಪಾಲು ಕೂಸುಗಳ ಕರುಳಲ್ಲಿ ಯಾವುದಾದರೂ ರೋಗಾಣು ಇದ್ದೇ ಇರುತ್ತದೆ. ನಿನ್ನ ಪಿಸಿಆರ್ ಯಂತ್ರವಂತೂ ಬಲು ಸೂಕ್ಷ್ಮ. ವಾಸಿಯಾಗಿ ವಾರಗಳಾದ ಮೇಲೂ ಉಳಿದ ನೊರೊದ ಚೂರನ್ನು ಎತ್ತಿ ತೋರಿಸುತ್ತದೆ. ಎರಡೂ ಗುಂಪನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ನಿಜವಾದ ಕಿಡಿಗೇಡಿ ಎದ್ದು ಕಾಣುತ್ತಾನೆ. ಆ ಅಧ್ಯಯನದಲ್ಲಿ ವರ್ಷ ತುಂಬದ ಕೂಸುಗಳ ಮಟ್ಟಿಗೆ ಹಾಗೆ ಎದ್ದು ಕಂಡದ್ದು ರೋಟಾ.

ಆ ರೋಟಾವೂ ಎಲ್ಲ ಕಡೆ ಕೇಡಿಯೇ ಅಂತ ತಿಳಿಯಬೇಡ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ಆಗತಾನೆ ಹುಟ್ಟಿದ ಕೂಸುಗಳ ಮಲದಲ್ಲಿ ರೋಟಾವೈರಸ್ ಸಿಕ್ಕಿತ್ತು, ಕೂಸುಗಳು ಮಾತ್ರ ಗುಂಡುಕಲ್ಲಿನ ಹಾಗಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಅದನ್ನು ಬೆನ್ನಟ್ಟಿತು. ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರಿಗೂ ಅಂಥದ್ದೇ ಸಾಧು ವೈರಸ್ ಕಂಡಿತ್ತು. ಬೆಂಗಳೂರಿನದು ಲಸಿಕೆಯಾಗುವವರೆಗೆ ಬರಲಿಲ್ಲ. ದೆಹಲಿಯದು ರೋಟಾವ್ಯಾಕ್ ಆಗಿ, 2016ರಲ್ಲಿ ಸರ್ಕಾರಿ ಲಸಿಕೆಗಳ ಸಾಲಿಗೆ ಸೇರಿತು. ಕಾಯಿಲೆಯಿಲ್ಲದ ಮಕ್ಕಳನ್ನು ನೋಡುವ ತಾಳ್ಮೆ ಅವರಿಗೆ ಇಲ್ಲದೇ ಹೋಗಿದ್ದರೆ ಅದು ಯಾರ ಕಣ್ಣಿಗೆ ಬೀಳುತ್ತಿತ್ತು?

ಇನ್ನು ಮಲಾವಿಯಲ್ಲಿ ಕೊಡುವ ರೋಟಾ ಲಸಿಕೆಯ ವಿಷಯ. ಮೊನ್ನೆ ಫೋನಿನಲ್ಲಿ “ಅಲ್ಲಿ ಲಸಿಕೆ ಅರ್ಧಕ್ಕರ್ಧ ಕೆಲಸ ಮಾಡೋದೇ ಇಲ್ಲ ಅಜ್ಜಿ” ಅಂದೆಯಲ್ಲ, ಅದಕ್ಕೆ ಉತ್ತರ ಕೊಡದೆ ಬಿಡುವವಳಲ್ಲ ನಾನು. 2010ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ ತೀವ್ರ ರೋಟಾ ಭೇದಿಯನ್ನು ತಡೆದದ್ದು ದಕ್ಷಿಣ ಆಫ್ರಿಕದಲ್ಲಿ ಶೇ. 77, ಮಲಾವಿಯಲ್ಲಿ ಶೇ. 49. ನೀನು ಇಲ್ಲಿಗೇ ನಿಂತೆ. ಮುಂದಿನ ಸಾಲನ್ನು ಓದಲಿಲ್ಲ. ನೂರು ಕೂಸುಗಳಿಗೆ ಲಸಿಕೆ ಹಾಕಿದರೆ ವರ್ಷಕ್ಕೆ ದಕ್ಷಿಣ ಆಫ್ರಿಕದಲ್ಲಿ ತಪ್ಪಿದ ತೀವ್ರ ಪ್ರಕರಣಗಳು 4.2, ಮಲಾವಿಯಲ್ಲಿ 6.7. ಕಾಯಿಲೆಯೇ ಅಲ್ಲಿ ಅಷ್ಟು ಹೆಚ್ಚು, ಅದಕ್ಕೇ ಅರೆ ಬಲದ ಲಸಿಕೆಯೂ ಹೆಚ್ಚು ಮಕ್ಕಳನ್ನು ಕಾಯಿತು. 2012ರ ಅಕ್ಟೋಬರಿನಿಂದ ಮಲಾವಿ ಅದನ್ನು ಎಲ್ಲ ಕೂಸುಗಳಿಗೂ ಕೊಡುತ್ತಿದೆ. ಮೂಗು ಮುರಿಯುವ ಮೊದಲು ಮೂಗಿನ ಮೇಲಿನ ಕನ್ನಡಕ ಒರೆಸಿಕೋ. ಲಸಿಕೆಯ ಬಲ ಇಂಥ ಕಡೆ ಯಾಕೆ ಕುಂದುತ್ತದೆ ಅನ್ನುವುದಕ್ಕೆ ತಾಯಿಯಿಂದ ಬಂದ ಪ್ರತಿಕಾಯ, ಜೊತೆಗೇ ಹಾಕುವ ಪೋಲಿಯೊ ಹನಿ, ಸದಾ ಕೆರಳಿದ ಕರುಳು ಅಂತ ಹಲವು ಕಾರಣ ಹೇಳುತ್ತಾರೆ. ನಿನಗೆ ಆಸಕ್ತಿಯಿದ್ದರೆ ಕೆಲಸ ಬೇಕಾದಷ್ಟಿದೆ.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿ ದೇಶದ ಲೆಕ್ಕ ಅನ್ನಬೇಡ. ಮಿನಿಬಸ್ಸಿನ ಬಾಡಿಗೆ ಹೊಂದಿಸಲಾಗದ ತಾಯಿ ಬರಲಿಲ್ಲ. ಬಂದವಳೋ, ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡ ಕೂಸಿನ ನೆತ್ತಿ ಕುಳಿಬಿದ್ದ ಮೇಲೆ ಬಂದಳು. ಅವಳ ಕೈಯಲ್ಲಿ ಮಾಸಿದ ಆರೋಗ್ಯ ಪುಸ್ತಕ ಇರುತ್ತದೆ. ಯಾವ ಲಸಿಕೆ, ಯಾವಾಗ, ಎಲ್ಲ ಅದರಲ್ಲೇ. ಕೊಳವೆಗೆ ಚೀಟಿ ಅಂಟಿಸುವ ಮೊದಲು ಅದನ್ನು ಓದು. ಜೊತೆಗೆ ಬಂದ ಅಜ್ಜಿಯನ್ನು ಅಲ್ಲಿ ಅಗೊಗೊ ಅನ್ನುತ್ತಾರೆ, ಅವಳನ್ನು ಮಾತಾಡಿಸು. ಭೇದಿ ಯಾವತ್ತು ಶುರುವಾಯಿತು, ವಾಂತಿ ಮೊದಲೋ ಭೇದಿ ಮೊದಲೋ, ಮನೆಯಲ್ಲಿ ಇನ್ಯಾರಿಗೆ ಆಯಿತು, ಎಲ್ಲ ಅವಳಿಗೆ ಗೊತ್ತು. ಅಲ್ಲಿನ ಚಿಚೇವಾ ಭಾಷೆಯ ನಾಲ್ಕು ಮಾತು ಕಲಿತು ಹೋಗು. ನಿನ್ನ ಇಂಗ್ಲಿಷ್ ಪ್ರಶ್ನಾವಳಿಗೆ ಅವಳು ಹೌದು ಅಂದೇ ತಲೆಯಾಡಿಸುತ್ತಾಳೆ, ಪಾಪ, ನಿನಗೆ ಬೇಜಾರಾಗಬಾರದು ಅಂತ.

ಇನ್ನು ಚಿಲ್ಲರೆ ಮಾತು. ಕಿಸೆಯ ಸ್ಯಾನಿಟೈಜರ್ ನೊರೊಗೆ ಅಷ್ಟಾಗಿ ಹೆದರಿಕೆ ಹುಟ್ಟಿಸುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆ. ಯಾರಾದರೂ ವೈರಸ್ ಭೇದಿಗೆ ಆಂಟಿಬಯಾಟಿಕ್ ಬರೆದುಕೊಡು ಅಂದರೆ ಮುಖ ನೋಡಿ ಸುಮ್ಮನಿರಬೇಡ, ಬೇಡ ಅನ್ನು. ಓಆರ್‌ಎಸ್ ಕುಡಿಸಬೇಕು, ಜಿಂಕ್ ಕೊಡಬೇಕು, ಎದೆಹಾಲು ನಿಲ್ಲಿಸಕೂಡದು. ಮೊದಲು ಮಗು, ಆಮೇಲೆ ನಿನ್ನ ಸ್ಯಾಂಪಲ್ಲು.

ಮೊದಲ ತಿಂಗಳ ಲೆಕ್ಕ ನನಗೂ ಕಳಿಸು. ಭೇದಿಯಿಲ್ಲದ ಮಕ್ಕಳ ಅಂಕಣ ತುಂಬಿದ್ದರೆ ಮಿಕ್ಕದ್ದು ಓದುತ್ತೇನೆ. ಖಾಲಿ ಬಿಟ್ಟಿದ್ದರೆ ನಿನ್ನ ಅತ್ತೆಗೆ ಕೊಟ್ಟುಬಿಡುತ್ತೇನೆ, ಅವಳು ಊರಿಗೆಲ್ಲ ತೋರಿಸಿಕೊಂಡು ಬರಲಿ.