ನೊಗ ಕಲಿಯುವ ಹೋರಿ, ಜೀನು ಕಲಿಯುವ ಕುದುರೆ

ಹುಟ್ಟುವಾಗಲೇ ನೊಗದ ವಿದ್ಯೆಯನ್ನು ಕಲಿತು ಬಂದ ಎತ್ತು ಲೋಕದಲ್ಲಿ ಎಲ್ಲಿಯೂ ಇಲ್ಲ. ಬೆನ್ನ ಮೇಲೆ ಮನುಷ್ಯನನ್ನು ಕೂರಿಸಿಕೊಳ್ಳಬೇಕೆಂದು ತಾನಾಗಿ ಬಯಸಿದ ಕುದುರೆಯೂ ಇಲ್ಲ. ಮಂಡ್ಯದಲ್ಲಿ ೧೯೩೩ರಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಸುತ್ತಣ ಹಳ್ಳಿಗಳ ಕಬ್ಬನ್ನು ಬಹುಕಾಲ ಅಲ್ಲಿಗೆ ಎಳೆದು ತಂದದ್ದು ಎತ್ತಿನ ಗಾಡಿಗಳು. ಮದ್ದೂರು, ಮಳವಳ್ಳಿಗಳ ಹಾದಿಯಲ್ಲಿ ಅಂಥ ಗಾಡಿಯನ್ನು ಕಂಡವರು ಎತ್ತುಗಳ ಬಲವನ್ನು ಮೆಚ್ಚಿಕೊಂಡರು. ಅವುಗಳ ವಿದ್ಯೆಯನ್ನು ಗಮನಿಸಿದವರು ಕಡಿಮೆ. ಒಂದು ಕೂಗಿಗೆ ನಡೆಯುವುದು, ಇನ್ನೊಂದಕ್ಕೆ ನಿಲ್ಲುವುದು, ಹಗ್ಗ ಮಿಸುಕಿದ ಕಡೆಗೆ ತಿರುಗುವುದು, ಜೋಡಿಯ ಹೆಜ್ಜೆಗೆ ಹೆಜ್ಜೆ ಕೂಡಿಸುವುದು: ಇವೆಲ್ಲವೂ ಕಲಿತು ಬರುವ ಗುಣಗಳೇ.

ಈ ಪಾಠವನ್ನು ಹೇಳಿಕೊಡುವವರು ತಮ್ಮತಮ್ಮಲ್ಲಿ ಸ್ಪರ್ಧೆಗಿಳಿಯುವುದೂ ಉಂಟು. ಅಮೆರಿಕದಲ್ಲಿ ೨೦೦೩ರಲ್ಲಿ ‘ರೋಡ್ ಟು ದಿ ಹಾರ್ಸ್’ ಎಂಬ ಪಂದ್ಯ ಆರಂಭವಾಯಿತು. ಅದರಲ್ಲಿ ಭಾಗವಹಿಸುವ ಪ್ರತಿಯೊಬ್ಬ ತರಬೇತುಗಾರನೂ ಜೀನನ್ನು ಕಾಣದ ಎಳೆಯ ಕುದುರೆಯೊಂದನ್ನು ಹಿಂಡಿನಿಂದ ಆರಿಸಿಕೊಂಡು, ಕೆಲವೇ ದಿನಗಳಲ್ಲಿ ಅದಕ್ಕೆ ಜೀನು ತೊಡಿಸಿ, ಸವಾರಿ ಮಾಡಿ, ಅಡೆತಡೆಗಳನ್ನು ದಾಟಿಸಿ ತೋರಿಸಬೇಕು. ನಮ್ಮ ಸೀಮೆಯಲ್ಲಿ ಇದಕ್ಕೆ ಹತ್ತಿರವಾದುದು ದನಗಳ ಜಾತ್ರೆ ಮತ್ತು ಎತ್ತಿನ ಗಾಡಿಯ ಓಟ. ಸ್ಪರ್ಧೆಯಿಂದ ಗುರುವಿನ ಚಾತುರ್ಯ ಬೆಳಕಿಗೆ ಬರುವುದೇನೋ ನಿಜ. ಆದರೆ ಶಿಷ್ಯನಾದ ಪ್ರಾಣಿಗೆ ಅದರಿಂದ ಒಳ್ಳೆಯ ಪಾಠ ದೊರೆಯುವುದೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಪ್ರಾಣಿ ಕಲಿಯುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು.

ಹಳ್ಳಿಕಾರ್ ತಳಿಯೂ ಕುಣಿಗಲಿನ ಕುದುರೆಯೂ

ಹಳೆಯ ಮೈಸೂರು ಸೀಮೆಯ ಹಳ್ಳಿಕಾರ್ ತಳಿಯು ಬೂದು ಬಣ್ಣದ, ಬಿಗಿಯಾದ ಮೈಕಟ್ಟಿನ, ಚುರುಕು ನಡೆಯ ದನಗಳ ತಳಿ. ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮುಂದಕ್ಕೆ ತಿರುಗುವ ನೀಳವಾದ ಕೊಂಬುಗಳೇ ಅದರ ಗುರುತು. ಭಾರತದ ಅಂಚೆ ಇಲಾಖೆ ೨೦೦೦ದಲ್ಲಿ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. ಅಲ್ಲಿ ಬೆಳೆದ, ಹಳ್ಳಿಕಾರಿಗೆ ಹತ್ತಿರದ ಬಂಧುವಾದ ತಳಿಯ ಎತ್ತುಗಳು ಸೈನ್ಯದ ಸಾಮಾನುಗಳನ್ನೂ ತೋಪುಗಳನ್ನೂ ಎಳೆದುವು.

ಕುದುರೆಗೂ ಈ ಸೀಮೆ ಹೊಸತಲ್ಲ. ಮದ್ದೂರಿನಿಂದ ಹುಲಿಯೂರುದುರ್ಗದ ಮೂಲಕ ತುಮಕೂರಿಗೆ ಹೋಗುವ ದಾರಿಯಲ್ಲಿರುವ ಕುಣಿಗಲ್ ಕುದುರೆಗಳ ತಳಿ ಬೆಳೆಸುವುದಕ್ಕೆ ಟಿಪ್ಪುವಿನ ಕಾಲದಿಂದಲೂ ಹೆಸರಾದ ಊರು. ಎತ್ತು ಕುದುರೆಗಳೆರಡೂ ಹುಲ್ಲು ಮೇಯುವ, ಹಿಂಡಿನಲ್ಲಿ ಬಾಳುವ, ಅಪಾಯ ಕಂಡರೆ ಓಡುವ ಪ್ರಾಣಿಗಳು. ಆದುದರಿಂದ ಒಂದರ ಪಾಠವನ್ನು ತಿಳಿದರೆ ಇನ್ನೊಂದರ ಪಾಠವೂ ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲ ಪಾಠ: ಅಂಜಿಕೆಯನ್ನು ಕಳೆಯುವುದು

ಹುಲಿ, ತೋಳಗಳ ಬಾಯಿಂದ ತಪ್ಪಿಸಿಕೊಂಡು ಉಳಿದ ವಂಶಗಳಿವು. ಅವುಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ತಲೆಯನ್ನು ಅಲುಗಿಸದೆಯೇ ಸುತ್ತಲಿನ ೩೬೦ ಅಂಶಗಳಲ್ಲಿ ಸುಮಾರು ೩೩೦ ಅಂಶಗಳಷ್ಟನ್ನು ಅವು ನೋಡಬಲ್ಲುವು. ನೇರವಾಗಿ ಬೆನ್ನ ಹಿಂದೆ ಇರುವುದು ಮಾತ್ರ ಕಾಣದು. ನೊಗವಾಗಲಿ, ಗಾಡಿಯಾಗಲಿ, ಸವಾರನಾಗಲಿ ಬಂದು ಸೇರುವುದು ಕಣ್ಣಿಗೆ ಸರಿಯಾಗಿ ಕಾಣದ ಈ ಭಾಗಕ್ಕೇ. ಬೆನ್ನ ಹಿಂದಿನಿಂದ ಸದ್ದು ಮಾಡುತ್ತ ಬರುವ ವಸ್ತುವನ್ನು ಕಂಡು ಎಳೆಯ ಹೋರಿ ಬೆದರಿದರೆ ಅದು ಮೊಂಡುತನವಲ್ಲ. ಅದರ ಪೂರ್ವಿಕರನ್ನು ಬದುಕಿಸಿದ ಎಚ್ಚರಿಕೆ.

ಒಂದು ಸದ್ದು ಅಥವಾ ಸ್ಪರ್ಶವು ಮತ್ತೆ ಮತ್ತೆ ಬಂದು, ಅದರಿಂದ ಕೆಡುಕೇನೂ ಆಗದಿದ್ದರೆ, ಪ್ರಾಣಿಯ ಪ್ರತಿಕ್ರಿಯೆ ಕ್ರಮವಾಗಿ ತಗ್ಗುತ್ತದೆ. ಇದನ್ನು ರೂಢಿಗೊಳ್ಳುವಿಕೆ ಎನ್ನಬಹುದು. ರೈತನು ಕರುವಾಗಿರುವಾಗಿನಿಂದಲೇ ಹೋರಿಯ ಮೈ ತಿಕ್ಕಿ, ಕಾಲು ಮುಟ್ಟಿ, ಕೊರಳಿಗೆ ಹಗ್ಗ ಹಾಕಿ ಓಡಾಡಿಸುವುದರಲ್ಲಿ ಅಡಗಿರುವ ತತ್ತ್ವ ಇದೇ. ಮುಂದೆ ಅದನ್ನು ಪಳಗಿದ ಹಿರಿಯ ಎತ್ತಿನ ಪಕ್ಕದಲ್ಲಿ ಬರಿಯ ನೊಗಕ್ಕೆ ಕಟ್ಟುತ್ತಾರೆ. ಆಮೇಲೆ ಮರದ ತುಂಡನ್ನು ಎಳೆಸುತ್ತಾರೆ. ಗಾಡಿಯ ಸರದಿ ಬರುವುದು ಕೊನೆಗೆ. ಹಿಂಡಿನ ಪ್ರಾಣಿಗೆ ಅಂಜದ ಸಂಗಾತಿ ಪಕ್ಕದಲ್ಲಿದ್ದರೆ ತನ್ನ ಅಂಜಿಕೆಯೂ ತಗ್ಗುತ್ತದೆ. ಹಿರಿಯ ಎತ್ತನ್ನು ಜೊತೆಗೆ ಹೂಡುವ ವಾಡಿಕೆಯ ಗುಟ್ಟು ಇದು.

ವಯಸ್ಸೂ ಮುಖ್ಯವೇ. ದನದ ಹಾಲುಹಲ್ಲು ಬಿದ್ದು ಮೊದಲ ಜೊತೆ ಶಾಶ್ವತವಾದ ಬಾಚಿಹಲ್ಲು ಮೂಡುವುದು ಸುಮಾರು ಎರಡು ವರ್ಷ ದಾಟಿದ ಮೇಲೆ. ಎಂಟು ಹಲ್ಲೂ ಮೂಡಿ ಬಾಯಿಗೂಡುವ ವೇಳೆಗೆ ನಾಲ್ಕೂವರೆ, ಐದು ವರ್ಷಗಳಾಗಿರುತ್ತವೆ. ಜಾತ್ರೆಯಲ್ಲಿ ಕೊಳ್ಳುವವರು ಹೋರಿಯ ಬಾಯಿ ಬಿಡಿಸಿ ನೋಡುವುದು ಇದನ್ನು ತಿಳಿಯುವುದಕ್ಕೆ. ಕುದುರೆಯಲ್ಲಿ ಮುಂಗಾಲಿನ ಮಂಡಿಯ ಬಳಿಯ ಎಲುಬಿನ ಬೆಳವಣಿಗೆ ಎರಡು, ಎರಡೂವರೆ ವರ್ಷಗಳಲ್ಲಿ ಮುಗಿದರೂ ಬೆನ್ನೆಲುಬಿನ ಬೆಳವಣಿಗೆ ಮುಗಿಯಲು ಐದು ವರ್ಷಗಳೇ ಹಿಡಿಯುತ್ತವೆ. ಎಳೆಯ ಪ್ರಾಣಿಗೆ ಪಾಠ ಬೇಗ ಹತ್ತಬಹುದು. ಭಾರವನ್ನು ಮಾತ್ರ ಬೇಗ ಹೊರಿಸಬಾರದು.

ಹಗ್ಗ ಸಡಿಲವಾದ ಗಳಿಗೆ

ಅಮೆರಿಕದ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನು ೧೮೯೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿ ಕೂಡಿಹಾಕಿದನು. ಒಳಗಿನ ಕುಣಿಕೆಯನ್ನೋ ಅಗುಳಿಯನ್ನೋ ಸರಿಸಿದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕು ಮೊದಲು ಕಂಡಕಂಡಲ್ಲಿ ಪರಚಿತು. ಆಕಸ್ಮಿಕವಾಗಿ ಬಾಗಿಲು ತೆರೆಯಿತು. ಮತ್ತೆ ಮತ್ತೆ ಕೂಡಿಹಾಕಿದಾಗ ಹೊರಬರಲು ಹಿಡಿಯುವ ಕಾಲ ಕಡಿಮೆಯಾಗುತ್ತ ಬಂದಿತು. ಹಿತವಾದ ಫಲವನ್ನು ಕೊಟ್ಟ ವರ್ತನೆ ಉಳಿಯುತ್ತದೆ, ಕೊಡದಿದ್ದುದು ಅಳಿಯುತ್ತದೆ ಎಂದು ಅವನು ತೀರ್ಮಾನಿಸಿದನು.

ಇದನ್ನು ಹಗ್ಗಕ್ಕೆ ಅನ್ವಯಿಸಿ ನೋಡೋಣ. ಹಗ್ಗ ಬಿಗಿಯಾದಾಗ ಹೋರಿಗೆ ಅಹಿತವಾಗುತ್ತದೆ. ಅದು ತಲೆ ಕೊಡವುತ್ತದೆ, ಹಿಂದಕ್ಕೆ ಜಗ್ಗುತ್ತದೆ, ಕಡೆಗೊಮ್ಮೆ ಒಂದು ಹೆಜ್ಜೆ ಮುಂದಿಡುತ್ತದೆ. ಆ ಗಳಿಗೆಯಲ್ಲಿಯೇ ಹಗ್ಗ ಸಡಿಲವಾದರೆ ‘ಹೆಜ್ಜೆ ಇಟ್ಟುದರಿಂದ ಬಿಡುಗಡೆಯಾಯಿತು’ ಎಂಬ ಸಂಬಂಧ ಅದರ ಮೆದುಳಿನಲ್ಲಿ ನೆಲೆಗೊಳ್ಳುತ್ತದೆ. ಸಡಿಲಿಸಲು ತಡವಾದರೆ ಬಿಡುಗಡೆಯ ಪುಣ್ಯವು ಆ ಹೊತ್ತಿಗೆ ಹೋರಿ ಏನು ಮಾಡುತ್ತಿತ್ತೋ ಅದಕ್ಕೆ, ಎಂದರೆ ಕೊಡವುವುದಕ್ಕೋ ಜಗ್ಗುವುದಕ್ಕೋ ಸಲ್ಲುತ್ತದೆ. ಇದರಿಂದ ಒಂದು ಮುಖ್ಯವಾದ ಮಾತು ಹೊರಡುತ್ತದೆ: ಪ್ರಾಣಿಗೆ ಪಾಠ ಹೇಳುವುದು ಹಗ್ಗದ ಬಿಗಿಯಲ್ಲ, ಅದರ ಸಡಿಲು. ಬಾರುಕೋಲಿನ ಪೆಟ್ಟು ಎಷ್ಟೇ ಜೋರಾಗಿದ್ದರೂ, ಸರಿಯಾಗಿ ನಡೆದಾಗ ಅದು ನಿಲ್ಲದಿದ್ದರೆ ಪ್ರಾಣಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಕುದುರೆಯ ಲಗಾಮಿಗೂ ಸವಾರನ ಕಾಲಿನ ಒತ್ತಿಗೂ ಇದೇ ನಿಯಮ.

ಇನ್ನು ಕೂಗು. ರಷ್ಯದ ಪಾವ್‌ಲಾವ್ ತೋರಿಸಿದಂತೆ, ಆಹಾರಕ್ಕೆ ಮುಂಚೆ ತಪ್ಪದೆ ಕೇಳಿಬರುವ ಸದ್ದು ಕೆಲಕಾಲದ ಮೇಲೆ ತಾನೊಂದೇ ನಾಯಿಯ ಬಾಯಲ್ಲಿ ನೀರೂರಿಸುತ್ತದೆ. ಸದ್ದು ಮುಂದಿನ ಘಟನೆಯ ಸೂಚನೆಯಾಗುತ್ತದೆ. ಆದುದರಿಂದ ಕೂಗು ಮೊದಲು ಬರಬೇಕು, ಹಗ್ಗ ಆಮೇಲೆ ಬರಬೇಕು. ಕ್ರಮ ತಿರುಗುಮುರುಗಾದರೆ ಕೂಗು ಏನನ್ನೂ ಸೂಚಿಸದು. ಗಾಡಿ ಹೊಡೆಯುವವನು ಜೀವಮಾನವೆಲ್ಲ ಹಗ್ಗ ಜಗ್ಗುತ್ತಿರಬೇಕಾಗುತ್ತದೆ. ಸೂಚನೆ ದೊಡ್ಡದಾಗಿರಬೇಕೆಂಬ ಅಗತ್ಯವೂ ಇಲ್ಲ. ಜರ್ಮನಿಯಲ್ಲಿ ಲೆಕ್ಕ ಮಾಡುವುದೆಂದು ಹೆಸರಾಗಿದ್ದ ಹಾನ್ಸ್ ಎಂಬ ಕುದುರೆಯನ್ನು ಪರೀಕ್ಷಿಸಿದ ಫಂಗ್‌ಸ್ಟ್ ಎಂಬಾತನು, ಪ್ರಶ್ನೆ ಕೇಳಿದವರು ತಮಗರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಅಲುಗಿಸುವುದನ್ನು ನೋಡಿಯೇ ಅದು ಉತ್ತರ ಕೊಡುತ್ತಿತ್ತೆಂದು ೧೯೦೭ರಲ್ಲಿ ಸ್ಥಾಪಿಸಿದನು. ಅಷ್ಟು ಸೂಕ್ಷ್ಮವನ್ನು ಕಾಣಬಲ್ಲ ಪ್ರಾಣಿಗೆ ಪೆಟ್ಟಿನ ಭಾಷೆ ಏಕೆ ಬೇಕು?

ಗಡಿಯಾರದ ಎದುರಿನ ಪಾಠ

ಈಗ ಸ್ಪರ್ಧೆಯ ಪ್ರಶ್ನೆಗೆ ಬರೋಣ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ೧೯೦೮ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ಇಲ್ಲಿ ಉಪಯುಕ್ತವಾಗಿದೆ. ಸುಲಭವಾದ ಪಾಠವನ್ನು ಇಲಿಗಳು ವಿದ್ಯುತ್ತಿನ ಆಘಾತ ಜೋರಾದಷ್ಟೂ ಬೇಗ ಕಲಿತವು. ಕಷ್ಟವಾದ ಪಾಠದಲ್ಲಿ ಹಾಗಾಗಲಿಲ್ಲ: ಆಘಾತ ಮಿತವಾಗಿದ್ದಾಗ ಕಲಿಕೆ ಚೆನ್ನಾಗಿ ನಡೆಯಿತು, ಮಿತಿ ಮೀರಿದಾಗ ಕೆಟ್ಟಿತು. ಮುಂದಕ್ಕೆ ಓಡುವುದು ಹೋರಿಗೆ ಸುಲಭವಾದ ಪಾಠ. ಭಯದಿಂದಲೂ ಅದನ್ನು ಕಲಿಸಬಹುದು. ನಿಲ್ಲುವುದು, ಕಾಯುವುದು, ಮೆಲ್ಲನೆ ತಿರುಗುವುದು ಕಷ್ಟವಾದ ಪಾಠಗಳು. ಭಯವು ಇವುಗಳನ್ನು ಕೆಡಿಸುತ್ತದೆ.

ಬಿಡುವಿನ ಬೆಲೆಯನ್ನೂ ಪ್ರಯೋಗಗಳು ತೋರಿಸಿವೆ. ೧೯೮೦ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ಚಿಕ್ಕ ಜಾತಿಯ ಕುದುರೆಗಳಿಗೆ ದಿನವೂ, ಕೆಲವಕ್ಕೆ ವಾರಕ್ಕೆರಡು ಸಲ, ಕೆಲವಕ್ಕೆ ವಾರಕ್ಕೊಂದೇ ಸಲ ಪಾಠವಾಯಿತು. ಅತಿ ಕಡಿಮೆ ಪಾಠಗಳಲ್ಲಿ ಗುರಿ ಮುಟ್ಟಿದುವು ವಾರಕ್ಕೊಂದು ಸಲ ಕಲಿತ ಕುದುರೆಗಳು. ಕಲಿತದ್ದು ಮೆದುಳಿನಲ್ಲಿ ನೆಲೆಗೊಳ್ಳುವುದಕ್ಕೆ ಕಾಲ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನೆಲ್ಲ ಓದಿ ಮುಗಿಸುವ ವಿದ್ಯಾರ್ಥಿಗೆ ಈ ಸತ್ಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಸ್ಪರ್ಧೆಯ ಪ್ರಾಣಿ ಸುಮ್ಮನೆ ನಿಂತಿದೆಯಲ್ಲ, ಅದು ಪಳಗಿದುದರ ಗುರುತಲ್ಲವೆ ಎಂದು ಕೇಳಬಹುದು. ಸುಮ್ಮನಿರುವುದರಲ್ಲಿ ಎರಡು ಬಗೆಯುಂಟು. ೧೯೬೭ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಎಂಬವರು ನಾಯಿಗಳ ಮೇಲೆ ಮಾಡಿದ ಕಠೋರವಾದ ಪ್ರಯೋಗದಲ್ಲಿ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಆಘಾತವನ್ನು ಅನುಭವಿಸಿದ ನಾಯಿಗಳಲ್ಲಿ ಹಲವು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಅದನ್ನು ಹುಡುಕದೆ ಬಿದ್ದುಕೊಂಡವು. ಹೊರನೋಟಕ್ಕೆ ಅದು ಶಾಂತಿ. ನಿಜವಾಗಿ ಅದು ಹತಾಶೆ. ಕಾಲು ಕಟ್ಟಿ ಕೆಡವಿ ಬಗ್ಗಿಸಿದ ಕುದುರೆಯಲ್ಲಿಯೂ, ಹೊಡೆತಕ್ಕೆ ಸೋತ ಹೋರಿಯಲ್ಲಿಯೂ ಇಂಥ ಮೌನ ಕಾಣಬಹುದು. ಒಳಗಿನ ಸ್ಥಿತಿಯನ್ನು ಎದೆಬಡಿತ ಹೇಳುತ್ತದೆ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ಹೃದಯ ನಿಮಿಷಕ್ಕೆ ೨೮ರಿಂದ ೪೪ ಸಲ ಬಡಿಯುತ್ತದೆ. ಅಲುಗಾಡದೆ ನಿಂತ ಕುದುರೆಯಲ್ಲಿ ಬಡಿತ ಇದಕ್ಕಿಂತ ಬಹಳ ಹೆಚ್ಚಿದ್ದರೆ, ಅದರ ನಿಲುವು ನೆಮ್ಮದಿಯದೆಂದು ನಂಬುವಂತಿಲ್ಲ.

ಹಾಗೆಂದು ಸ್ಪರ್ಧೆಯೆಲ್ಲ ಕೆಟ್ಟದ್ದೆಂದಲ್ಲ. ಅಮೆರಿಕದ ಆ ಪಂದ್ಯದಲ್ಲಿ ತೀರ್ಪುಗಾರರು ಕುದುರೆ ಏನನ್ನು ಮಾಡಿತೆಂಬುದರ ಜೊತೆಗೆ ತರಬೇತುಗಾರನ ರೀತಿಯನ್ನೂ ಅಳೆಯುತ್ತಾರೆ. ತೀರ್ಪುಗಾರನು ಯಾವುದಕ್ಕೆ ಅಂಕ ಕೊಡುತ್ತಾನೋ ಅದನ್ನೇ ಗುರು ಕಲಿಸುತ್ತಾನೆ. ವೇಗಕ್ಕೆ ಮಾತ್ರ ಬಹುಮಾನವಿದ್ದರೆ ವೇಗ ದೊರೆಯುತ್ತದೆ, ನೆಮ್ಮದಿಗೂ ಬಹುಮಾನವಿದ್ದರೆ ನೆಮ್ಮದಿಯೂ ದೊರೆಯುತ್ತದೆ.

ಓಟದ ಕಣ ಮತ್ತು ಕಾನೂನು

ಮಂಡ್ಯ ಸೀಮೆಗೆ ಈ ಮಾತು ಇಂದು ವಿಶೇಷವಾಗಿ ಸಲ್ಲುತ್ತದೆ. ಹಿಂದೆ ಹೋರಿಗೆ ಹೊಲವೇ ಪಾಠಶಾಲೆ. ಕುಂಟೆ, ನೇಗಿಲು, ಗಾಡಿಗಳ ಹಿಂದೆ ಋತುಗಳು ಕಳೆಯುತ್ತಿದ್ದವು. ಟ್ರಾಕ್ಟರು ಬಂದ ಮೇಲೆ ಹೊಲದ ಕೆಲಸ ತಗ್ಗಿತು. ಹಳ್ಳಿಕಾರ್ ಜೋಡಿಯನ್ನು ಜಾತ್ರೆಯ ಹೆಮ್ಮೆಗಾಗಿಯೂ ಓಟಕ್ಕಾಗಿಯೂ ಸಾಕುವವರು ಈಗ ಹಲವರು. ತಳಿ ಉಳಿಯುವುದಕ್ಕೆ ಅವರ ಅಕ್ಕರೆ ನೆರವಾಗುತ್ತಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಓಟದ ಕಣವೊಂದೇ ಪಾಠಶಾಲೆಯಾದರೆ ಕಷ್ಟವಾದ ಪಾಠಗಳು ಕಲಿಯದೆ ಉಳಿಯುತ್ತವೆ.

ಸುಪ್ರೀಂ ಕೋರ್ಟು ೨೦೧೪ರಲ್ಲಿ ಜಲ್ಲಿಕಟ್ಟು ಮತ್ತು ಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕವು ೨೦೧೭ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಷರತ್ತುಗಳೊಡನೆ ಅವಕಾಶ ಕಲ್ಪಿಸಿತು. ೨೦೨೩ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಭಾರ ಎಳೆಯುವ ಪ್ರಾಣಿಗಳ ವಿಷಯವಾಗಿ ೧೯೬೫ರಲ್ಲಿ ರಚಿತವಾದ ನಿಯಮಗಳು ಮೊಳೆಯಿರುವ ಕೋಲನ್ನೂ ಮುಳ್ಳಿರುವ ನೊಗ, ಕಡಿವಾಣಗಳನ್ನೂ ನಿಷೇಧಿಸಿವೆ. ಮೊಳೆಯ ನೋವಿಗೆ ತಕ್ಕ ಗಳಿಗೆಯಲ್ಲಿ ಬಿಡುಗಡೆಯಿಲ್ಲ. ಚುಚ್ಚಿದ ಮೇಲೂ ಅದು ಉಳಿಯುತ್ತದೆ. ಆದುದರಿಂದ ಕಾನೂನು ನಿಷೇಧಿಸಿದ ಮೊಳೆಯು ಕಲಿಕೆಯ ವಿಜ್ಞಾನದ ದೃಷ್ಟಿಯಿಂದಲೂ ನಿರುಪಯುಕ್ತವಾದ ಸಾಧನ.

ನೀವೇ ನೋಡಿ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಜಾತ್ರೆಗೋ ಪಾಂಡವಪುರದ ಬಳಿಯ ಬೇಬಿ ಬೆಟ್ಟದ ಜಾತ್ರೆಗೋ ಹೋದಾಗ, ಅಥವಾ ನಿಮ್ಮ ಊರಿನಲ್ಲಿಯೇ ಹೊಸ ಹೋರಿಯನ್ನು ನೊಗಕ್ಕೆ ಹೂಡುವಾಗ, ಒಡೆಯನ ಒಪ್ಪಿಗೆ ಪಡೆದು, ಪ್ರಾಣಿಯ ಬೆನ್ನ ಹಿಂದೆ ನಿಲ್ಲದೆ, ಈ ನಾಲ್ಕನ್ನು ಗಮನಿಸಿ ಬರೆದಿಡಿ.

ಒಂದು, ಹೋರಿ ಸರಿಯಾದ ಹೆಜ್ಜೆ ಇಟ್ಟ ಮೇಲೆ ಹಗ್ಗ ಸಡಿಲವಾಗಲು ಎಷ್ಟು ಸೆಕೆಂಡು ಹಿಡಿಯಿತು? ಎರಡು, ಪಕ್ಕೆಯ ಏರಿಳಿತವನ್ನು ಎಣಿಸಿ: ನೊಗ ಹೂಡುವ ಮುನ್ನ ನಿಮಿಷಕ್ಕೆ ಉಸಿರು ಎಷ್ಟು, ಬಿಟ್ಟ ಕೂಡಲೆ ಎಷ್ಟು, ಐದು ನಿಮಿಷದ ಮೇಲೆ ಎಷ್ಟು? ಮೂರು, ಹೊಸ ಸದ್ದಾದಾಗ ಕಿವಿಯನ್ನು ಅತ್ತ ತಿರುಗಿಸುತ್ತದೆಯೇ, ಅಥವಾ ಯಾವುದರ ಗೊಡವೆಯೂ ಇಲ್ಲದೆ ನಿಂತಿರುತ್ತದೆಯೇ? ನಾಲ್ಕು, ಮರುದಿನ ಬೆಳಿಗ್ಗೆ ಅದೇ ನೊಗವನ್ನು ಕಂಡಾಗ ಹೋರಿ ಏನು ಮಾಡುತ್ತದೆ? ನಾಲ್ಕನೆಯ ಪ್ರಶ್ನೆಗೆ ಕಣದಲ್ಲಿ ಯಾರೂ ಬಹುಮಾನ ಕೊಡುವುದಿಲ್ಲ. ಆದರೆ ಹಿಂದಿನ ದಿನ ಪಾಠ ಹೇಗೆ ನಡೆಯಿತೆಂಬುದನ್ನು ನಾಲ್ಕರಲ್ಲಿ ಸ್ಪಷ್ಟವಾಗಿ ತಿಳಿಸುವುದು ಅದೇ.