ರಕ್ತಕ್ಕಿಳಿದ ಸೋಂಕು ಮರುಕಳಿಸುವುದೇಕೆ?

ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ರಕ್ತಕ್ಕಿಳಿದು ಚಳಿಜ್ವರ ತರುವುದುಂಟು. ಪೆನಿಸಿಲಿನ್ ವರ್ಗದ ಔಷಧಿಗಳಿಗೆ ಅದು ಸಾಮಾನ್ಯವಾಗಿ ಮಣಿಯುತ್ತದೆ. ಗುಣವಾದ ಮೇಲೂ ಮರಳಿ ಬಂದರೆ, ಔಷಧಿಯನ್ನು ಹಳಿಯುವ ಮೊದಲು ರೋಗಾಣು ಒಳಹೊಕ್ಕ ದಾರಿಯನ್ನು ನಾವು ಹುಡುಕಬೇಕು.

ಅನೇಕರಲ್ಲಿ ಆ ದಾರಿ ಕಾಲಿನಲ್ಲಿಯೇ ಇರುತ್ತದೆ. ಆನೆಕಾಲು ರೋಗದಿಂದ ಬಾತ ಕಾಲಿನಲ್ಲಿ ದುಗ್ಧರಸ ಸರಾಗವಾಗಿ ಹರಿಯದು. ಅಲ್ಲಿ ಸೇರಿದ ರೋಗಾಣುವನ್ನು ದೇಹ ಸುಲಭವಾಗಿ ಅಳಿಸಲಾರದು. ಪ್ರತಿ ಸೋಂಕೂ ಬಾವನ್ನು ಹೆಚ್ಚಿಸಿ ಮುಂದಿನ ಸೋಂಕಿಗೆ ಎಡೆಮಾಡುತ್ತದೆ. ಬೆರಳುಸಂದಿಯ ಕೆಸರುಹುಣ್ಣನ್ನು ಸುಶ್ರುತಾಚಾರ್ಯರು ‘ಅಲಸ’ವೆಂದು ಕರೆದು ಕ್ಷುದ್ರರೋಗಗಳಲ್ಲಿ ಎಣಿಸಿದ್ದಾರೆ. ಬಾತ ಕಾಲಿನವರಿಗೆ ಮಾತ್ರ ಅದು ಕ್ಷುದ್ರವಲ್ಲ. ಅವರು ನಿತ್ಯವೂ ಕಾಲು ತೊಳೆದು, ಸಂದಿಗಳ ತೇವವನ್ನು ಒರೆಸಿ, ಹುಣ್ಣಿಗೆ ಚಿಕಿತ್ಸೆ ಪಡೆಯಬೇಕು. ಬರಿಗಾಲಿನಲ್ಲಿ ನಡೆಯುವ ಹರಕೆಯನ್ನು ಹೊರದಿರುವುದೇ ಲೇಸು.

ಮಧುಮೇಹ ಮತ್ತು ಯಕೃತ್ತಿನ ರೋಗಗಳು ದೇಹದ ಪ್ರತಿರೋಧವನ್ನು ಕುಗ್ಗಿಸುತ್ತವೆ. ಪ್ಲೀಹವನ್ನು (ಗುಲ್ಮ) ತೆಗೆಸಿಕೊಂಡವರಿಗೆ ನ್ಯುಮೋಕಾಕಸ್ ಲಸಿಕೆ ಅವಶ್ಯ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸುವ ಮೊದಲೇ ಅದನ್ನು ದಂತವೈದ್ಯರಿಗೆ ತಿಳಿಸಬೇಕು. ಬಾಯಿಯ ರೋಗಾಣು ಕವಾಟದಲ್ಲಿ ನೆಲೆಯೂರಬಲ್ಲದು.

ಮೈನಡುಗಿಸುವ ಜ್ವರ ಬಂದಾಗ ಕಷಾಯ ಕಾಯಿಸುತ್ತ ಕುಳಿತುಕೊಳ್ಳಲಾಗದು. ಆಯುರ್ವೇದದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಸೋಂಕಿನ ರಕ್ತಪರೀಕ್ಷೆಯ ಕಾಗದಗಳನ್ನೂ ಜೊತೆಗೆ ಒಯ್ಯಬೇಕು.